ಮೆಚ್ಚಿನ ಹದಿಹರೆಯದ ಕಾದಂಬರಿಗಳನ್ನು ಓದುಗರಿಗೆ ಕೊಟ್ಟುಬಿಡುವುದು: ಯಾರಿಗೆ, ಹೇಗೆ?

ಪುಟದಂಚು:

ನನ್ನ ಕಪಾಟಿನ ಎರಡನೆಯ ಸಾಲಿನಲ್ಲಿರುವ ಹನ್ನೊಂದು ಕಾದಂಬರಿಗಳನ್ನು ಓದುಗರಿಗೆ ಕೊಟ್ಟುಬಿಡಬೇಕೆಂದು ತೀರ್ಮಾನಿಸಿದ್ದೇನೆ. ಹನ್ನೊಂದೂ ಹದಿಹರೆಯದವರಿಗೆಂದು ಬರೆದವು, ಹನ್ನೊಂದೂ ನನಗೆ ಅಚ್ಚುಮೆಚ್ಚಿನವು. ಜಾಗ ಸಾಲದೆ ಹೊರಗೆ ಹಾಕುತ್ತಿರುವ ಪುಸ್ತಕಗಳು ಇವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಡವಾದದ್ದನ್ನು ಕೊಡುವುದಕ್ಕೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಮತ್ತೆ ಮತ್ತೆ ಓದಿ ಬೆನ್ನು ಸೀಳಿಹೋದ ಪುಸ್ತಕವನ್ನು ಇನ್ನೊಬ್ಬರ ಕೈಗಿಡುವಾಗ ಮಾತ್ರ, ಅದು ತಕ್ಕ ಓದುಗರಿಗೇ ಸೇರಬೇಕೆಂಬ ಆಸೆ ಹುಟ್ಟುತ್ತದೆ. ಆ ಆಸೆ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ಹದಿನೈದನೆಯ ವಯಸ್ಸಿನಲ್ಲಿ ನನಗೆ ಇಂಥದೇ ಒಂದು ಕಾದಂಬರಿ ಸಿಕ್ಕಿತ್ತು. ನನಗಿಂತ ಎರಡು ತರಗತಿ ಮುಂದಿದ್ದ ಹುಡುಗಿಯೊಬ್ಬಳು ಶಾಲೆ ಬಿಟ್ಟುಹೋಗುವ ದಿನ ಅದನ್ನು ನನ್ನ ಕೈಗೆ ಕೊಟ್ಟು, "ಇಟ್ಟುಕೋ, ವಾಪಸ್ಸು ಬೇಡ" ಎಂದಷ್ಟೇ ಹೇಳಿದಳು. ಅಣ್ಣನನ್ನು ಕಳೆದುಕೊಂಡ ಹುಡುಗಿಯೊಬ್ಬಳ ಕಥೆ ಅದು. ಆ ವರ್ಷ ನಮ್ಮ ಮನೆಯಲ್ಲಿಯೂ ಒಂದು ಸಾವಾಗಿತ್ತು. ಅದು ಅವಳಿಗೆ ಗೊತ್ತಿದ್ದೇ ಕೊಟ್ಟಳೋ, ಗೊತ್ತಿಲ್ಲದೆಯೋ, ನಾನು ಕೇಳಲಿಲ್ಲ. 112ನೆಯ ಪುಟದ ಅಂಚಿನಲ್ಲಿ, ಕಾಗದದ ಹಿಂಬದಿಗೂ ಅಚ್ಚು ಮೂಡುವಷ್ಟು ಒತ್ತಿ, ಪೆನ್ಸಿಲಿನಿಂದ "ಇಲ್ಲಿ ನಿಲ್ಲಿಸಬೇಡ" ಎಂದು ಬರೆದಿತ್ತು. ನಾನು ಪುಸ್ತಕ ಮುಚ್ಚಿಡಬೇಕೆಂದುಕೊಂಡದ್ದು ಅದೇ ಪುಟದಲ್ಲಿ. ಮುಚ್ಚಲಿಲ್ಲ.

ಆ ಋಣವನ್ನು ತೀರಿಸಲು ಎರಡು ವರ್ಷಗಳ ಹಿಂದೆ ಒಮ್ಮೆ ಪ್ರಯತ್ನಿಸಿ ನೊಂದಿದ್ದೇನೆ. ಕೇಳಿದವರೆಲ್ಲರ ಹೆಸರನ್ನು ಚೀಟಿಗಳಲ್ಲಿ ಬರೆದು, ಒಂದನ್ನು ಎತ್ತಿ, ಹೊಸದಾಗಿ ಕೊಂಡ ಪ್ರತಿಯ ಒಳಪುಟದಲ್ಲಿ ಎರಡು ಸಾಲು ಬರೆದು ಕಳುಹಿಸಿದೆ. ಮೂರು ವಾರ ಕಳೆಯುವ ಮೊದಲೇ ಅದೇ ಪ್ರತಿ, ನನ್ನ ಕೈಬರಹದ ಚಿತ್ರದ ಸಮೇತ, "ಓದಿಲ್ಲದ ಪ್ರತಿ" ಎಂಬ ವಿವರಣೆಯೊಂದಿಗೆ ಮಾರಾಟಕ್ಕಿರುವುದನ್ನು ಕಂಡೆ. ಮಾರಿದ್ದಕ್ಕಿಂತ ಹೆಚ್ಚಾಗಿ ಓದಿಲ್ಲ ಎಂಬ ಆ ಮಾತು ನನ್ನನ್ನು ಚುಚ್ಚಿತು.

ಆದ್ದರಿಂದ ಈ ಸಲ ಕೊಡುವ ಮೊದಲೇ ಕೇಳುತ್ತಿದ್ದೇನೆ. ಚೀಟಿ ಎತ್ತುವುದೋ, ಓದುಗರನ್ನು ಆರಿಸುವುದೋ? ನಾನು ಓದಿದ ಹಳೆಯ ಪ್ರತಿಯನ್ನೇ ಕೊಡುವುದೋ, ಹೊಸದನ್ನು ಕೊಂಡು ಕೊಡುವುದೋ? ಓದಿದ ಮೇಲೆ ನಾಲ್ಕು ಮಾತು ಬರೆದು ತಿಳಿಸಿ ಎಂದು ಕೇಳಬಹುದೋ, ಬಾರದೋ? ಈ ಮೂರರಲ್ಲಿ ಮೊದಲನೆಯದೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಗ್ರಂಥಪಾಲಕಿ:

ಪುಟದಂಚು ಅವರೇ, ಗ್ರಂಥಾಲಯವೊಂದರಲ್ಲಿ ಹದಿಹರೆಯದವರ ವಿಭಾಗವನ್ನು ಬಹಳ ವರ್ಷ ನೋಡಿಕೊಂಡವಳಾಗಿ ಹೇಳುತ್ತೇನೆ: ಆರಿಸಿಯೇ ಕೊಡಿ. "ಹದಿಹರೆಯದ ಕಾದಂಬರಿ" ಎಂಬ ಹಣೆಪಟ್ಟಿಯನ್ನು ನಂಬಿ ಕಣ್ಣುಮುಚ್ಚಿ ಕೊಡುವುದಕ್ಕೆ ಆಗುವುದಿಲ್ಲ. ಅಮೆರಿಕದ ಗ್ರಂಥಾಲಯ ಸಂಘದಲ್ಲಿ ಈ ಓದುಗರಿಗಾಗಿಯೇ ಇರುವ ವಿಭಾಗವು 12ರಿಂದ 18ರವರೆಗಿನ ವಯಸ್ಸನ್ನು ಒಂದೇ ಗುಂಪಾಗಿ ಎಣಿಸುತ್ತದೆ. ಹನ್ನೆರಡರ ಹುಡುಗನಿಗೂ ಹದಿನೆಂಟರ ತರುಣಿಗೂ ನಡುವೆ ಇರುವಷ್ಟು ದೂರ, ಮೂವತ್ತರವರಿಗೂ ಐವತ್ತರವರಿಗೂ ನಡುವೆ ಇರುವುದಿಲ್ಲ. ಮೊದಲ ಸ್ನೇಹಭಂಗದ ಕಥೆಯನ್ನು ಹುಡುಕುತ್ತಿರುವವನಿಗೆ ಹಿಂಸೆಯಿಂದ ಬದುಕಿಬಂದವಳ ಕಥೆ ಕೊಟ್ಟರೆ, ಎರಡು ಪುಸ್ತಕಗಳಿಗೂ ಅನ್ಯಾಯವಾಗುತ್ತದೆ.

ಈ ಕೆಲಸದಲ್ಲಿ ನಮಗೆಲ್ಲ ಹಿರಿಯರಾದ ಮಾರ್ಗರೆಟ್ ಎಡ್ವರ್ಡ್ಸ್ ಅವರನ್ನು ಇಲ್ಲಿ ನೆನೆಯಬೇಕು. ಬಾಲ್ಟಿಮೋರ್ ನಗರದ ಎನಾಕ್ ಪ್ರ್ಯಾಟ್ ಗ್ರಂಥಾಲಯದಲ್ಲಿದ್ದ ಅವರು 1940ರ ದಶಕದಲ್ಲಿ ಕುದುರೆಗಾಡಿಯೊಂದರಲ್ಲಿ ಪುಸ್ತಕಗಳನ್ನು ತುಂಬಿಕೊಂಡು, ಗ್ರಂಥಾಲಯದ ಮೆಟ್ಟಿಲು ಹತ್ತದ ಮಕ್ಕಳಿದ್ದ ಬೀದಿಗಳಿಗೇ ಹೋಗುತ್ತಿದ್ದರು. ಹದಿಹರೆಯದವರಿಗಾಗಿ ಬರೆಯುವವರಿಗೆ ಇಂದು ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡಲಾಗುತ್ತದೆ. ತಮ್ಮ ಸಹಾಯಕರು ಹದಿಹರೆಯದವರ ಪುಸ್ತಕಗಳನ್ನು ಮೊದಲು ತಾವೇ ಓದಿರಬೇಕು, ಆಮೇಲೆ ಓದುಗನ ಎದುರು ನಿಂತು ಮಾತನಾಡಬೇಕು ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟಾಗಿದ್ದರು. ನೀವು ಓದಿ ಮೆಚ್ಚಿದ್ದನ್ನೇ ಕೊಡುತ್ತಿರುವುದರಿಂದ ಅರ್ಧ ಕೆಲಸ ಆಗಿದೆ. ಇನ್ನರ್ಧ ಎಂದರೆ ಎದುರಿಗಿರುವವರನ್ನು ಅರಿಯುವುದು.

ಆದರೆ ಒಂದು ಎಚ್ಚರಿಕೆ. "ಈ ಪುಸ್ತಕ ನಿಮಗೇಕೆ ಬೇಕು?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಚೆನ್ನಾಗಿ ಬರೆಯಬಲ್ಲವರೇ ಚೆನ್ನಾಗಿ ಉತ್ತರಿಸುತ್ತಾರೆ. ಅವರ ಬಳಿ ಆಗಲೇ ಬೇಕಾದಷ್ಟು ಪುಸ್ತಕಗಳಿರುತ್ತವೆ. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ: "ಈಚೆಗೆ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಎಲ್ಲಿ ಬಿಟ್ಟೆ?" ಇದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ. "ಊರಿನ ವರ್ಣನೆ ಇಪ್ಪತ್ತು ಪುಟ ಆದರೂ ಮುಗಿಯಲಿಲ್ಲ" ಎಂದವನಿಗೆ ಮೊದಲ ಪುಟದಲ್ಲೇ ಏನಾದರೂ ನಡೆಯುವ ಕಥೆ ಕೊಡಬೇಕು. "ನಾಯಿ ಸಾಯುತ್ತದೆ ಅನ್ನಿಸಿತು, ಅದಕ್ಕೇ ಮುಚ್ಚಿಟ್ಟೆ" ಎಂದ ಹುಡುಗಿಗೆ ಏನು ಕೊಡಬಾರದು ಎಂಬುದು ಆ ಕ್ಷಣವೇ ತಿಳಿಯುತ್ತದೆ. ಅರ್ಧಕ್ಕೆ ಬಿಟ್ಟ ಪುಟವೇ ಓದುಗರ ವಿಳಾಸ ಎಂದು ನಾನು ನಂಬಿದ್ದೇನೆ.

ನಿವೃತ್ತ ಮೇಷ್ಟ್ರು:

ಗ್ರಂಥಪಾಲಕಿಯವರ ಅನುಭವಕ್ಕೆ ತಲೆಬಾಗುತ್ತೇನೆ, ಆದರೂ ಅವರ ತೀರ್ಮಾನವನ್ನು ಒಪ್ಪಲಾರೆ. ಆರಿಸುವುದೆಂದರೆ, ಎಷ್ಟೇ ಒಳ್ಳೆಯ ಪ್ರಶ್ನೆ ಕೇಳಿದರೂ, ಒಬ್ಬರು ಮೇಲೆ ಕುಳಿತು ಇನ್ನೊಬ್ಬರನ್ನು ತೂಗುವುದೇ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನು ನಾನು. ಕೈ ಎತ್ತುವ ಮಕ್ಕಳನ್ನು ಎಲ್ಲರೂ ನೋಡುತ್ತಾರೆ. ಕೈ ಎತ್ತದೆ ಕೊನೆಯ ಬೆಂಚಿನಲ್ಲಿ ಕುಳಿತು, ಗಂಟೆ ಹೊಡೆದ ಮೇಲೆ ಮೇಜಿನ ಬಳಿ ಸುಳಿದಾಡಿ, ಏನೂ ಕೇಳದೆ ಹೊರಟುಹೋಗುವ ಮಗುವಿಗೆ ಯಾವ ಪ್ರಶ್ನಾವಳಿಯೂ ನಿಲುಕುವುದಿಲ್ಲ. ಅಂಥವರಿಗೆ ಪುಸ್ತಕ ತಲುಪಬೇಕಾದರೆ ಕೊಡುವವರು ಅಲ್ಲಿ ಇರಬಾರದು, ಪುಸ್ತಕವಷ್ಟೇ ಇರಬೇಕು.

ಜಗತ್ತಿನಲ್ಲಿ ಈ ದಾರಿಯನ್ನು ಹಿಡಿದವರಿದ್ದಾರೆ. 2001ರಲ್ಲಿ ಆರಂಭವಾದ ಬುಕ್‌ಕ್ರಾಸಿಂಗ್ ಪದ್ಧತಿಯಲ್ಲಿ, ಓದಿದ ಪುಸ್ತಕಕ್ಕೆ ಒಂದು ಗುರುತಿನ ಸಂಖ್ಯೆ ಅಂಟಿಸಿ, ನಿಲ್ದಾಣದ ಬೆಂಚಿನ ಮೇಲೋ ಉದ್ಯಾನದಲ್ಲೋ ಬಿಟ್ಟುಬರುತ್ತಾರೆ. ಸಿಕ್ಕವರು ಬೇಕೆನ್ನಿಸಿದರೆ ಆ ಸಂಖ್ಯೆಯ ಮೂಲಕ ಸುದ್ದಿ ತಿಳಿಸುತ್ತಾರೆ, ಬೇಡವೆನ್ನಿಸಿದರೆ ಸುಮ್ಮನಿರುತ್ತಾರೆ. 2009ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಊರಿನಲ್ಲಿ ಟಾಡ್ ಬೋಲ್ ಎಂಬವರು, ಶಿಕ್ಷಕಿಯಾಗಿದ್ದ ತಮ್ಮ ತಾಯಿಯ ನೆನಪಿಗೆ ಶಾಲೆಯ ಆಕಾರದ ಸಣ್ಣ ಮರದ ಪೆಟ್ಟಿಗೆಯೊಂದನ್ನು ಮನೆಯ ಮುಂದೆ ನಿಲ್ಲಿಸಿ ಪುಸ್ತಕಗಳನ್ನು ತುಂಬಿದರು. ಒಂದು ತೆಗೆದುಕೊಳ್ಳಿ, ಸಾಧ್ಯವಾದರೆ ಒಂದು ಇಡಿ, ಹೆಸರು ಕೇಳುವವರಿಲ್ಲ. ಇಂಥ ಪೆಟ್ಟಿಗೆಗಳು ಇಂದು ಹಲವು ದೇಶಗಳಲ್ಲಿ ಒಂದು ಲಕ್ಷವನ್ನೂ ಮೀರಿವೆ.

ಮಾರಾಟಕ್ಕೆ ಹೋದ ಪ್ರತಿಯ ಬಗ್ಗೆಯೂ ಒಂದು ಮಾತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂದಿತ್ತು. ಪ್ರಕಾಶಕರು ಕಾದಂಬರಿಯೊಂದರ ಒಳಪುಟದಲ್ಲೇ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದು ಎಂದು ಮುದ್ರಿಸಿದ್ದರು. ಒಮ್ಮೆ ಮಾರಿದ ಪ್ರತಿಯ ಮೇಲೆ ಅಂಥ ಹಿಡಿತ ಉಳಿಯುವುದಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಪುಸ್ತಕ ಮಾರಿದವರಿಗೇ ಇಲ್ಲದ ಹಿಡಿತ, ಕೊಟ್ಟವರಿಗೆ ಎಲ್ಲಿಂದ ಬರಬೇಕು? ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಪುಟದಂಚು ಅವರೇ. ಆದರೆ ಅದನ್ನು ಕೊಂಡ ಮೂರನೆಯವರು ಅದನ್ನು ಓದಿರಬಹುದಲ್ಲ.

ಇಬ್ಬರು ಮಕ್ಕಳ ತಾಯಿ:

ಹದಿಮೂರರ ಮಗನೂ ಹದಿನಾರರ ಮಗಳೂ ಇರುವ ಮನೆಯಿಂದ ಬರೆಯುತ್ತಿದ್ದೇನೆ. ಆರಿಸುವುದೋ ಚೀಟಿಯೋ ಎಂಬುದಕ್ಕಿಂತ ಮೊದಲು, ಕೇಳುತ್ತಿರುವವರು ಯಾರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಹದಿಹರೆಯದವರ ಪುಸ್ತಕಗಳನ್ನು ಕೇಳುವವರೆಲ್ಲ ಹದಿಹರೆಯದವರಲ್ಲ. 2012ರಲ್ಲಿ ಬೌಕರ್ ಸಂಸ್ಥೆ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಈ ವರ್ಗದ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇಕಡಾ 55ರಷ್ಟು ಜನ 18 ವರ್ಷ ದಾಟಿದವರಾಗಿದ್ದರು, ಅವರ ಖರೀದಿಯ ಬಹುಪಾಲು ತಮ್ಮ ಸ್ವಂತ ಓದಿಗಾಗಿಯೇ ಇತ್ತು. ದೊಡ್ಡವರು ಓದುವುದರಲ್ಲಿ ತಪ್ಪೇನೂ ಇಲ್ಲ, ನಾನೂ ಓದುತ್ತೇನೆ. ಆದರೆ ಹನ್ನೊಂದೇ ಪ್ರತಿಗಳಿರುವಾಗ, ದುಡಿಯುವ, ತಾವೇ ಕೊಳ್ಳಬಲ್ಲ ನಮ್ಮಂಥವರು ಹಿಂದೆ ಸರಿದು ನಿಲ್ಲಬೇಕು.

ಎರಡನೆಯದಾಗಿ, ಯಾವ ಪುಸ್ತಕದಲ್ಲಿ ಏನಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಮಾದಕ ವಸ್ತು, ತಂದೆತಾಯಿಯರ ಹೊಡೆತ, ಇವೆಲ್ಲ ಈ ಕಾದಂಬರಿಗಳಲ್ಲಿ ಬರುತ್ತವೆ, ಬರಬೇಕು ಕೂಡ. ಇವುಗಳನ್ನು ಮಕ್ಕಳಿಂದ ಬಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಗಳಿಗೆ ಹದಿನಾಲ್ಕಿರುವಾಗ ಯಾರೋ ಪ್ರೀತಿಯಿಂದ ಕೊಟ್ಟ ಕಾದಂಬರಿಯೊಂದರ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ, ಅವಳ ಗೆಳತಿಗೆ ಆದದ್ದೇ ಎದುರಾಯಿತು. ಆ ರಾತ್ರಿ ಅವಳು ಪುಸ್ತಕವನ್ನು ತಂದು ನನ್ನ ಹಾಸಿಗೆಯ ಅಂಚಿನಲ್ಲಿಟ್ಟು, ಏನೂ ಹೇಳದೆ ಪಕ್ಕದಲ್ಲಿ ಮಲಗಿದಳು. ಆಮೇಲೆ ಅದನ್ನು ಪೂರ್ತಿ ಓದಿದಳು, ಓದಿದ್ದಕ್ಕೆ ಸಂತೋಷವನ್ನೂ ಪಟ್ಟಳು. ಆದರೂ ಕೊಟ್ಟವರು ಒಂದು ಸಾಲು ಮೊದಲೇ ತಿಳಿಸಿದ್ದರೆ, ಓದುವ ಹೊತ್ತನ್ನು ಅವಳೇ ಆರಿಸಿಕೊಳ್ಳುತ್ತಿದ್ದಳು.

ಕೊನೆಯದಾಗಿ, ಚಿಕ್ಕವರ ವಿಳಾಸವನ್ನು ನೇರವಾಗಿ ಅವರಿಂದ ಪಡೆಯಬೇಡಿ. ಮನೆಯ ಹಿರಿಯರ ಹೆಸರಿಗೆ ಕಳುಹಿಸಿ, ತಲುಪಿದ ಮೇಲೆ ವಿಳಾಸವನ್ನು ಅಳಿಸಿಬಿಡಿ.

ಹದಿನೇಳರ ಓದುಗಿ:

ನಮ್ಮ ಬಗ್ಗೆ ಇಷ್ಟೆಲ್ಲ ಮಾತು ನಡೆಯುತ್ತಿರುವುದರಿಂದ ನಾನೂ ಬರೆಯಬೇಕೆನ್ನಿಸಿತು. ಮೇಷ್ಟ್ರು ಹೇಳಿದ ಕೊನೆಯ ಬೆಂಚಿನವಳು ನಾನೇ. ಆದರೂ ಸರ್, ಅನಾಮಧೇಯ ಪೆಟ್ಟಿಗೆಯಿಂದ ಸಿಗುವ ಪುಸ್ತಕ ಬೇರೆ, "ಇದು ನಿನಗೆ" ಎಂದು ಒಬ್ಬರು ಕೊಡುವ ಪುಸ್ತಕ ಬೇರೆ. ಪೆಟ್ಟಿಗೆಯದನ್ನು ನಾನು ಎಷ್ಟೋ ಸಲ ತಂದಿದ್ದೇನೆ, ಎಷ್ಟೋ ಸಲ ಹಾಗೆಯೇ ಹಿಂದಕ್ಕೆ ಇಟ್ಟಿದ್ದೇನೆ. ಯಾರೋ ನನ್ನನ್ನು ನೆನೆದು ಆರಿಸಿದ್ದು ಎಂದಾದರೆ, ಮೊದಲ ಐವತ್ತು ಪುಟ ಬೇಸರವಾದರೂ ಬಿಡುವುದಿಲ್ಲ. ಇವರು ನನ್ನಲ್ಲಿ ಏನು ಕಂಡು ಇದನ್ನು ಕೊಟ್ಟರು ಎಂದು ಹುಡುಕುತ್ತಾ ಓದುತ್ತೇನೆ.

ಗ್ರಂಥಪಾಲಕಿ ಮೇಡಂ ಅವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ಪುಸ್ತಕವನ್ನು ಅರ್ಧಕ್ಕೆ ಬಿಟ್ಟದ್ದನ್ನು ತಪ್ಪೊಪ್ಪಿಗೆಯಂತೆ ಅಲ್ಲದೆ ಹೇಳಬಹುದು ಎಂದು ಮೊದಲ ಸಲ ಅನ್ನಿಸಿತು. ನಾನು ಕಳೆದ ತಿಂಗಳು ಬಿಟ್ಟದ್ದು ಇಬ್ಬರು ಅಕ್ಕತಂಗಿಯರ ಕಥೆಯನ್ನು. ಅಕ್ಕನಿಗೆ ಎಲ್ಲವೂ ಅರ್ಥವಾಗಿಬಿಡುತ್ತಿತ್ತು, ಪ್ರತಿ ಅಧ್ಯಾಯದ ಕೊನೆಯಲ್ಲಿ ಅವಳು ಒಂದು ಪಾಠ ಕಲಿಯುತ್ತಿದ್ದಳು. ಆರನೆಯ ಪಾಠದ ಹೊತ್ತಿಗೆ ಮುಚ್ಚಿಟ್ಟೆ. ದೊಡ್ಡವರು ನಮಗೆ ಕೊಡುವ ಪುಸ್ತಕಗಳಲ್ಲಿ ಬಹಳಷ್ಟು ಹೀಗೆಯೇ ಇರುತ್ತವೆ. ಅವರು ಹದಿನೈದರಲ್ಲಿ ಮೆಚ್ಚಿದ್ದನ್ನು ಕೊಡುವುದಿಲ್ಲ, ನಮಗೆ ಒಳ್ಳೆಯದಾಗಲಿ ಎಂದು ಈಗ ಅನ್ನಿಸಿದ್ದನ್ನು ಕೊಡುತ್ತಾರೆ. ಪುಟದಂಚು ಅಕ್ಕ, ನಿಮ್ಮ ಹನ್ನೊಂದರಲ್ಲಿ ಅಂಥವು ಇದ್ದರೆ ದಯವಿಟ್ಟು ನೀವೇ ಇಟ್ಟುಕೊಳ್ಳಿ.

ಓದಿದ ಮೇಲೆ ಬರೆದು ತಿಳಿಸಿ ಎಂದು ಮಾತ್ರ ಕೇಳಬೇಡಿ. ಕೇಳಿದ ಕೂಡಲೇ ಅದು ಮನೆಪಾಠವಾಗುತ್ತದೆ. ಪುಟ ತಿರುಗಿಸುವಾಗಲೆಲ್ಲ ಏನು ಬರೆಯಲಿ ಎಂಬ ಯೋಚನೆಯೇ ಹತ್ತಿಕೊಳ್ಳುತ್ತದೆ, ಅಳು ಬಂದರೂ ಅದನ್ನು ವಾಕ್ಯವಾಗಿ ಜೋಡಿಸಿಟ್ಟುಕೊಳ್ಳುತ್ತೇವೆ. ನಿಮಗೆ ಪುಸ್ತಕ ಕೊಟ್ಟ ಹುಡುಗಿ ಏನನ್ನೂ ಕೇಳಲಿಲ್ಲ ಎಂದು ನೀವೇ ಬರೆದಿದ್ದೀರಿ.

ಬೈಂಡಿಂಗ್ ಕೆಲಸದವ:

ಹಳೆಯ ಪ್ರತಿಯೋ ಹೊಸದೋ ಎಂಬ ಪ್ರಶ್ನೆಗೆ ಯಾರೂ ಕೈಹಾಕಿಲ್ಲವಾದ್ದರಿಂದ ನಾನು ಉತ್ತರಿಸುತ್ತೇನೆ. ನೀವು ಓದಿದ ಪ್ರತಿಯನ್ನೇ ಕೊಡಿ, ಆದರೆ ಮೊದಲು ಅದು ಇನ್ನೊಂದು ಓದನ್ನು ತಾಳುತ್ತದೆಯೇ ನೋಡಿ. ಹದಿಹರೆಯದವರ ಕಾದಂಬರಿಗಳು ಹೆಚ್ಚಾಗಿ ರಟ್ಟಿಲ್ಲದ, ಹೊಲಿಗೆಯಿಲ್ಲದ ಪುಸ್ತಕಗಳು. ಹಾಳೆಗಳ ಬೆನ್ನನ್ನು ಕತ್ತರಿಸಿ, ಬಿಸಿಯಾಗಿ ಕರಗಿಸಿದ ಅಂಟಿನಿಂದ ಹೊದಿಕೆಗೆ ಕೂಡಿಸಿರುತ್ತಾರೆ. ವರ್ಷ ಕಳೆದಂತೆ ಆ ಅಂಟು ಪೆಡಸಾಗಿ, ಪುಸ್ತಕವನ್ನು ಅಗಲಿಸಿ ಹಿಡಿದಾಗ ಒಂದೇ ಜಾಗದಲ್ಲಿ ಟಪ್ಪನೆ ಒಡೆಯುತ್ತದೆ. ಹೆಚ್ಚು ಸಲ ಎಲ್ಲಿ ತೆರೆದಿದ್ದೀರೋ ಅಲ್ಲೇ ಒಡೆಯುವುದರಿಂದ, ಮೆಚ್ಚಿನ ಪುಟವೇ ಮೊದಲು ಕಳಚಿ ಬೀಳುತ್ತದೆ.

ಕಳಚಿದ ಹಾಳೆಗೆ ಪಾರದರ್ಶಕ ಟೇಪು ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಟೇಪು ಉದುರಿಹೋಗಿ, ಅದರ ಅಂಟು ಕಂದು ಕಲೆಯಾಗಿ ಅಕ್ಷರಗಳ ಮೇಲೆಯೇ ಉಳಿಯುತ್ತದೆ. ಒಣಗಿದ ಮೇಲೂ ಬಾಗುವ ಬಿಳಿಯ ಪಿವಿಎ ಅಂಟನ್ನು ಹಾಳೆಯ ಒಳ ಅಂಚಿಗೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ತೆಳ್ಳಗೆ ಸವರಿ, ಹಾಳೆಯನ್ನು ಅದರ ಜಾಗದಲ್ಲಿ ಕೂರಿಸಿ, ಹೆಚ್ಚಿನ ಅಂಟು ಪಕ್ಕದ ಪುಟಗಳಿಗೆ ತಾಗದಂತೆ ಎರಡೂ ಕಡೆ ಮೇಣದ ಕಾಗದವಿಟ್ಟು, ರಾತ್ರಿಯಿಡೀ ಭಾರ ಹೇರಿ ಬಿಡಿ. ಕಾಗದ ಹಳದಿಯಾಗಿರುವುದಕ್ಕೆ ಚಿಂತಿಸಬೇಡಿ. ಅಗ್ಗದ ಕಾಗದದಲ್ಲಿ ಉಳಿದಿರುವ ಮರದ ಲಿಗ್ನಿನ್ ಬೆಳಕಿಗೂ ಗಾಳಿಗೂ ಹಾಗಾಗುತ್ತದೆ, ಓದಿಗೆ ಅಡ್ಡಿಯಿಲ್ಲ. ಮುಗ್ಗಲು ವಾಸನೆ ಬರುತ್ತಿದ್ದರೆ ಮಾತ್ರ ಕೊಡಬೇಡಿ. ಅದರ ಬೂಷ್ಟು, ಪುಸ್ತಕ ಪಡೆದವರ ಕಪಾಟಿನ ಬೇರೆ ಪುಸ್ತಕಗಳಿಗೂ ಹರಡುತ್ತದೆ.

ಕಳುಹಿಸುವಾಗ ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪುಸ್ತಕಕ್ಕಿಂತ ಒಂದು ಬೆರಳಿನಷ್ಟು ದೊಡ್ಡದಾದ ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿ. ಪಾರ್ಸೆಲ್ ಬೀಳುವುದು ಮೂಲೆಯ ಮೇಲೆ. ರಟ್ಟು ಹೊರಚಾಚಿದ್ದರೆ ಪೆಟ್ಟು ರಟ್ಟಿಗೆ ತಾಗುತ್ತದೆ.

ಅಂಚಿನ ಬರಹಗಳನ್ನು ಅಳಿಸಬೇಡಿ ಎಂದು ನನ್ನ ಬೇಡಿಕೆ. ನನ್ನ ಬಳಿ ದುರಸ್ತಿಗೆ ಬರುವ ಪುಸ್ತಕಗಳಲ್ಲಿ ಪೆನ್ಸಿಲ್ ಗುರುತುಗಳಿರುವ ಹಾಳೆಯನ್ನು ನಾನು ಬೇರೆಯದಕ್ಕಿಂತ ಹೆಚ್ಚು ಜೋಪಾನವಾಗಿ ಹಿಡಿಯುತ್ತೇನೆ.

ಸರಣಿ ಓದುಗ:

ಚಿಕ್ಕ ಮಾತು. ಸರಣಿ ಕಾದಂಬರಿಗಳಲ್ಲಿ ಮೊದಲ ಸಂಪುಟವೊಂದನ್ನೇ ಕೊಡುವುದು ಉಪಕಾರವಲ್ಲ. ಮುಂದಿನದನ್ನು ಕೊಳ್ಳಲಾಗದವರಿಗೆ ಅದು ಬಾಗಿಲವರೆಗೆ ಕರೆದೊಯ್ದು ನಿಲ್ಲಿಸಿದಂತಾಗುತ್ತದೆ. ಕೊಟ್ಟರೆ ಸರಣಿಯನ್ನು ಪೂರ್ತಿ ಕೊಡಿ, ಇಲ್ಲವೇ ಒಂದರಲ್ಲೇ ಮುಗಿಯುವ ಕಾದಂಬರಿಯನ್ನು ಆರಿಸಿ.

ಹಾಗೆಯೇ, ಇ-ಪುಸ್ತಕಗಳನ್ನು ಈ ರೀತಿ ಕೊಡಲು ಬಹುತೇಕ ಆಗುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ನಾವು ಕೊಳ್ಳುವುದು ಸಾಮಾನ್ಯವಾಗಿ ಓದುವ ಪರವಾನಗಿಯನ್ನು ಮಾತ್ರ, ಪ್ರತಿಯನ್ನಲ್ಲ. ಮೇಷ್ಟ್ರು ಹೇಳಿದ ತೀರ್ಪಿನ ಕಾಲದಲ್ಲಿ ಪುಸ್ತಕವೆಂದರೆ ಕಾಗದವೇ ಆಗಿತ್ತು.

ಗ್ರಂಥಪಾಲಕಿ:

ಮೇಷ್ಟ್ರೇ, ಕೇಳದೆ ಹೊರಟುಹೋಗುವ ಮಗುವಿನ ಬಗ್ಗೆ ನೀವು ಹೇಳಿದ್ದು ಸತ್ಯ. ಆದರೆ ಆರಿಸುವುದು ಮತ್ತು ದೊಡ್ಡ ಪ್ರಮಾಣದಲ್ಲಿ ಕೊಡುವುದು ಒಟ್ಟಿಗೆ ನಡೆದದ್ದೂ ಉಂಟು. 2011ರ ಮಾರ್ಚ್ 5ರಂದು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಮೊದಲ ಬಾರಿಗೆ ನಡೆದ ವಿಶ್ವ ಪುಸ್ತಕ ರಾತ್ರಿಗೆ 25 ಪುಸ್ತಕಗಳನ್ನು ಗೊತ್ತುಮಾಡಿ ಒಟ್ಟು ಹತ್ತು ಲಕ್ಷ ಪ್ರತಿಗಳನ್ನು ಮುದ್ರಿಸಲಾಗಿತ್ತು. 20,000 ಸ್ವಯಂಸೇವಕರು ತಲಾ 48 ಪ್ರತಿಗಳನ್ನು ಹಂಚಿದರು. ಅಲ್ಲಿ ಅರ್ಜಿ ಬರೆಯಬೇಕಾಗಿದ್ದವರು ಪಡೆಯುವವರಲ್ಲ, ಕೊಡುವವರು. ಈ ಪುಸ್ತಕವನ್ನೇ ಏಕೆ ಆರಿಸಿದಿರಿ, ಯಾರಿಗೆ ಕೊಡುತ್ತೀರಿ ಎಂದು ಅವರನ್ನೇ ಕೇಳಲಾಗಿತ್ತು. ತೂಕಕ್ಕೆ ಒಳಗಾಗಬೇಕಾದವರು ನಾವು ಎಂಬ ಆ ಕ್ರಮ ನನಗೆ ಸರಿಯೆನ್ನಿಸುತ್ತದೆ.

ಹದಿನೇಳರ ಓದುಗಿಗೆ ಒಂದು ಸಂಗತಿ ಹೇಳಬೇಕು. ನಿಮ್ಮ ವಯಸ್ಸಿನವರು ಪಡೆಯುವವರಷ್ಟೇ ಅಲ್ಲ. ಎಸ್. ಇ. ಹಿಂಟನ್ ತಮ್ಮ 'ದಿ ಔಟ್‌ಸೈಡರ್ಸ್' ಕಾದಂಬರಿಯನ್ನು ಬರೆಯತೊಡಗಿದ್ದು ಹದಿನೈದರ ವಯಸ್ಸಿನಲ್ಲಿ. 1967ರಲ್ಲಿ ಅದು ಪ್ರಕಟವಾದಾಗ ಅವರಿಗೆ ಹದಿನೆಂಟು. 1980ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಬಳಿಯ ಶಾಲೆಯೊಂದರ ಗ್ರಂಥಪಾಲಕಿ, ಮಕ್ಕಳ ಸಹಿಗಳಿರುವ ಮನವಿಯ ಜೊತೆ ಆ ಕಾದಂಬರಿಯ ಒಂದು ಪ್ರತಿಯನ್ನು ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರಿಗೆ ಕಳುಹಿಸಿದರು. ಇದನ್ನು ಸಿನಿಮಾ ಮಾಡಬೇಕಾದವರು ನೀವೇ ಎಂದು ಮಕ್ಕಳು ಕೇಳಿಕೊಂಡಿದ್ದರು. 1983ರಲ್ಲಿ ಸಿನಿಮಾ ಬಂತು. ಆ ಮಕ್ಕಳೂ ಪುಸ್ತಕಕ್ಕೆ ತಕ್ಕ ಓದುಗನನ್ನು ಆರಿಸಿಯೇ ಕೊಟ್ಟಿದ್ದರು.

ನಿವೃತ್ತ ಮೇಷ್ಟ್ರು:

ಕೊಡುವವರೇ ಅರ್ಜಿ ಬರೆಯಬೇಕು ಎಂಬ ಮಾತಿಗೆ ನಾನು ಸೋತೆ. ಹಾಗಿದ್ದರೆ ಒಂದು ಸೂಚನೆಯನ್ನು ಸೇರಿಸಿಕೊಳ್ಳಿ: ಇನ್ನೊಬ್ಬರಿಗಾಗಿ ಕೇಳುವುದಕ್ಕೂ ಅವಕಾಶವಿರಲಿ. ಅಕ್ಕ ತಮ್ಮನಿಗಾಗಿ ಕೇಳಲಿ, ಶಿಕ್ಷಕರು ವಿದ್ಯಾರ್ಥಿಗಾಗಿ ಕೇಳಲಿ. ಬಾಯಿಬಿಡದ ಮಗುವನ್ನು ಅದರ ಪಕ್ಕ ಕುಳಿತವರಾದರೂ ಬಲ್ಲರು.

ಪುಟದಂಚು:

ಎಲ್ಲರ ಮಾತುಗಳನ್ನು ಎರಡೆರಡು ಸಲ ಓದಿ, ಹನ್ನೊಂದು ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಹದಿನೇಳರ ಓದುಗಿಯ ಮಾತಿನಿಂದ ಎರಡನ್ನು ಹಿಂದಕ್ಕೆ ತೆಗೆದಿಟ್ಟೆ. ಅವು ಹದಿನೈದರ ನನಗೆ ಹಿಡಿಸಿದ್ದವಲ್ಲ. ಮೂವತ್ತರ ನಂತರ, ಇದು ಮಕ್ಕಳಿಗೆ ಒಳ್ಳೆಯದು ಎಂದುಕೊಂಡು ಕೊಂಡವು. ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಇನ್ನೊಂದು ಪುಸ್ತಕ ಸರಣಿಯೊಂದರ ಮೊದಲ ಸಂಪುಟವಾಗಿತ್ತು. ಉಳಿದೆರಡು ಸಂಪುಟಗಳನ್ನು ಹುಡುಕಿ, ಮೂರನ್ನೂ ಒಂದೇ ದಾರದಲ್ಲಿ ಕಟ್ಟಿದ್ದೇನೆ. ಒಂದಕ್ಕೆ ಮುಗ್ಗಲು ವಾಸನೆಯಿತ್ತು, ಅದು ಎಲ್ಲಿಗೂ ಹೋಗುವುದಿಲ್ಲ.

ಉಳಿದ ಎಂಟಕ್ಕೂ, ಕೇಳುವವರು ಬರೆಯುವ ಬದಲು ನಾನೇ ಒಂದೊಂದು ಚೀಟಿ ಬರೆದೆ: ಇದನ್ನು ಯಾವ ವಯಸ್ಸಿನಲ್ಲಿ ಓದಿದೆ, ಏಕೆ ಇಟ್ಟುಕೊಂಡೆ, ಒಳಗೆ ಯಾವ ಕಷ್ಟದ ಸಂಗತಿಗಳಿವೆ, ಯಾರಿಗೆ ಹಿಡಿಸಲಾರದು. ಕೊನೆಯದನ್ನು ಬರೆಯುವಾಗಲೇ ನನ್ನ ಪುಸ್ತಕಗಳು ನನಗೆ ಹೆಚ್ಚು ಅರ್ಥವಾದವು. ಓದುಗರನ್ನು ಕೇಳುವುದು ಗ್ರಂಥಪಾಲಕಿಯವರ ಒಂದೇ ಪ್ರಶ್ನೆಯನ್ನು. ತಮಗಾಗಿಯೂ ಕೇಳಬಹುದು, ಇನ್ನೊಬ್ಬರಿಗಾಗಿಯೂ ಕೇಳಬಹುದು. ಹದಿನೆಂಟು ದಾಟಿದವರಿಗೆ ಈ ಸಲ ಇಲ್ಲ. ಓದಿದ ಮೇಲೆ ಏನನ್ನೂ ತಿಳಿಸಬೇಕಾಗಿಲ್ಲ. ಮಾರಿದರೂ, ಇನ್ನೊಬ್ಬರಿಗೆ ಕೊಟ್ಟರೂ, ಅರ್ಧಕ್ಕೆ ಬಿಟ್ಟರೂ ನನ್ನದೇನೂ ಆಕ್ಷೇಪವಿಲ್ಲ. ಇದನ್ನು ಬರೆಯುವಾಗ ಕೈ ತಡೆಯಿತು, ಆದರೂ ಬರೆದಿದ್ದೇನೆ, ಅದರಂತೆಯೇ ನಡೆಯುತ್ತೇನೆ.

ಇಲ್ಲಿಯವರೆಗೆ ಐದು ಹೋಗಿವೆ. ಒಂದು ತಮ್ಮನಿಗಾಗಿ ಅಕ್ಕ ಕೇಳಿದ್ದು: "ಅವನು ಯಾವ ಪುಸ್ತಕವನ್ನೂ ಅರ್ಧಕ್ಕೆ ಬಿಟ್ಟಿಲ್ಲ, ಏಕೆಂದರೆ ಯಾವುದನ್ನೂ ಆರಂಭಿಸಿಲ್ಲ" ಎಂದು ಬರೆದಿದ್ದಳು. ಅವನಿಗೆ ಎಲ್ಲಕ್ಕಿಂತ ತೆಳ್ಳಗಿನದನ್ನು, ಮೊದಲ ವಾಕ್ಯದಲ್ಲೇ ಮನೆ ಬಿಟ್ಟು ಓಡುವ ಹುಡುಗನ ಕಥೆಯನ್ನು ಕಳುಹಿಸಿದೆ. ಹದಿನೇಳರ ಓದುಗಿಗೆ ಹೋದದ್ದರಲ್ಲಿ ಯಾರೂ ಯಾವ ಪಾಠವನ್ನೂ ಕಲಿಯುವುದಿಲ್ಲ ಎಂದು ಭರವಸೆ ಕೊಡುತ್ತೇನೆ.

ಅಣ್ಣನನ್ನು ಕಳೆದುಕೊಂಡ ಹುಡುಗಿಯ ಕಥೆ ಮಾತ್ರ ಇನ್ನೂ ಮೇಜಿನ ಮೇಲಿದೆ. ಬೈಂಡಿಂಗ್ ಕೆಲಸದವರು ಹೇಳಿದಂತೆಯೇ 112ನೆಯ ಪುಟ ಕಳಚಿತ್ತು. ಅಂಟು ಸವರಿ, ಮೇಣದ ಕಾಗದವಿಟ್ಟು, ರಾತ್ರಿಯಿಡೀ ಭಾರ ಹೇರಿ ಕೂರಿಸಿದ್ದೇನೆ. ಪೆನ್ಸಿಲಿನ ಸಾಲು ಹಾಗೆಯೇ ಇದೆ. ಕೇಳಿರುವವರು ಏಳು ಮಂದಿ, ಅವರಲ್ಲಿ ಇಬ್ಬರು ತಮ್ಮ ಮನೆಯಲ್ಲಾದ ಸಾವಿನ ಬಗ್ಗೆ ಬರೆದಿದ್ದಾರೆ. ಒಬ್ಬನಿಗೆ ಹದಿಮೂರು, ಇನ್ನೊಬ್ಬಳಿಗೆ ಹದಿನಾರು. ಹದಿನಾರರವಳು ಆಗಲೇ ಇಂಥ ಮೂರು ಕಥೆಗಳನ್ನು ಅರ್ಧಕ್ಕೆ ಬಿಟ್ಟಿದ್ದಾಳೆ, ಮೂರನ್ನೂ ಅಂತ್ಯಕ್ರಿಯೆಯ ಅಧ್ಯಾಯದಲ್ಲಿ. ಇದರಲ್ಲಿ ಆ ಅಧ್ಯಾಯ ಮೊದಲೇ ಇದೆ, ಆಮೇಲಿನದೆಲ್ಲ ಮುಂದಿನ ವರ್ಷದ ಕಥೆ. ಗ್ರಂಥಪಾಲಕಿಯವರೇ, ಇದು ಅವಳಿಗೆ ಸರಿಹೋಗುತ್ತದೆಯೇ, ಅಥವಾ ಇನ್ನೂ ಒಂದು ವರ್ಷ ಕಾಯಬೇಕೇ?

ಗ್ರಂಥಪಾಲಕಿ:

ಅಂತ್ಯಕ್ರಿಯೆ ಯಾವ ಪುಟದಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಮೊದಲೇ ಬರೆದು ತಿಳಿಸಿ, ಈಗಲೇ ಕಳುಹಿಸಿ. ಯಾವಾಗ ತೆರೆಯಬೇಕು ಎಂಬುದನ್ನು ಅವಳೇ ನೋಡಿಕೊಳ್ಳುತ್ತಾಳೆ. ಹದಿಮೂರರ ಹುಡುಗನ ಬಗ್ಗೆ ನನಗೆ ಬೇರೆಯಾಗಿ ಬರೆಯಿರಿ. ಅವನಿಗೆ ಕೊಡಬಹುದಾದ ಒಂದು ಪುಸ್ತಕ ನನ್ನ ಕಪಾಟಿನಲ್ಲಿದೆ.